ಗಿಡ್ಡ ತೋಳಿನ ಅಂಗಿ

ತುಂಬ ಹಿಂದಿನ ಮಾತು. ಸರ್ಕಾರಿ ಟೆಂಡರಿನಲ್ಲಿ ಅನ್ಯಾಯವಾದರೆ ವಿಚಾರಿಸುವ ಅಧಿಕಾರಿಯ ಕಚೇರಿಯ ಹೊರಗೆ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತಿದ್ದೆ. ದರ್ಜಿಯೊಬ್ಬ ಒಳಗಿಂದ ಬಂದು, ಅದೇ ಬೆಂಚಿನಲ್ಲಿ ಕಾಯುತ್ತಿದ್ದ ಹೆಂಡತಿಯ ಪಕ್ಕ ಕೂತ. ಅವಳ ಮಡಿಲಲ್ಲಿ ಶಾಲೆಯ ಸಮವಸ್ತ್ರದ ಒಂದು ಅಂಗಿಯಿತ್ತು.

"ಏನಂದ್ರು ರೀ?"

"ಗೆದ್ವಿ ಕಣೇ. ಆ ದೊಡ್ಡ ಕಂಪನಿಗೋಸ್ಕರವೇ ಷರತ್ತು ಬರೆದಿದ್ರಂತೆ. ಸಮವಸ್ತ್ರದ ಟೆಂಡರ್ ನಮಗೇ ಸಿಗಬೇಕಿತ್ತಂತೆ."

"ಮತ್ಯಾಕೆ ಮುಖ ಹೀಗಿದೆ?"

"ಕಂಪನಿಯವರು ಬಟ್ಟೆ ಹಂಚಿ ಮುಗಿಸಿದಾರೆ. ಅದನ್ನ ರದ್ದು ಮಾಡೋ ಅಧಿಕಾರ ಈ ಸಾಹೇಬ್ರಿಗಿಲ್ವಂತೆ. ಮುಂದಿನ ಸಲ ಹೀಗಾಗದ ಹಾಗೆ ನೋಡ್ಕೋತಾರಂತೆ. ಪಾಪ, ಎದ್ದು ನಿಂತು ಕೈ ಮುಗಿದ್ರು."

"ಮುಂದಿನ ಸಲಕ್ಕೆ ನಮ್ಮ ಅಂಗಡಿ ಇದ್ರೆ ತಾನೇ? ನ್ಯಾಯ ಸಿಕ್ಕೇ ಸಿಗುತ್ತೆ, ಮೊದಲೇ ಹೊಲಿದಿಡೋಣ ಅಂತ ಕುಣಿದೋರು ನೀವು."

"ಬೈಯಿ, ಇನ್ನೂ ಬೈಯಿ. ಒಂದೊಂದು ಮಗುವಿನ ಅಳತೆ ತಗೊಂಡು ಹೊಲಿದೆ. ಈಗ ಯಾರಿಗೂ ಮಾರೋಕಾಗಲ್ಲ."

ಅವಳು ಅಂಗಿ ಬಿಡಿಸಿದಳು. ಒಂದು ತೋಳು ಗಿಡ್ಡವಿತ್ತು.

"ಆ ಮೋಟುಗೈ ಮಗುಗೆ ಇದೊಂದನ್ನಾದ್ರೂ ಕೊಟ್ಟು ಹೋಗೋಣ. ನನ್ನ ಅಂಗಿ ಯಾವಾಗ ಅಕ್ಕಾ ಅಂತ ಎಷ್ಟು ಸಲ ಕೇಳ್ತು."

"ವಿಚಾರಣೆ ಮುಗಿಯೋಷ್ಟರಲ್ಲಿ ವರ್ಷ ಕಳೀತು. ಬೆಳೆದಿರುತ್ತೆ ಕಣೇ."

"ಹೊಲಿಗೆ ಬಿಚ್ಚಿ ಅಗಲ ಮಾಡ್ಕೊಡಿ."

"ಎಲ್ಲಿಂದ ಬಿಚ್ಚಲಿ? ರೇಟು ಕಮ್ಮಿ ಹಾಕ್ಬೇಕು ಅಂತ ಒಳಗೆ ಒಂದು ಬೆರಳು ಬಟ್ಟೆನೂ ಬಿಟ್ಟಿಲ್ಲ."

ಅವಳು ಗಿಡ್ಡ ತೋಳನ್ನು ಒಳಗೆ ಮಡಚಿ, ಮಲಗಿದ ಮಗುವಿನ ಬೆನ್ನು ಸವರುವ ಹಾಗೆ ಅಂಗಿಯನ್ನು ಸವರಿದಳು. ಅವನು ಅವಳ ಕೈ ಹಿಡಿದು ಎಬ್ಬಿಸಿದ. ಇಬ್ಬರೂ ಮೆಟ್ಟಿಲಿಳಿದು ಹೋದರು.