ದೊಡ್ಡ ಡಬ್ಬಿಯ ಗದ್ದಲದಲ್ಲಿ ಅಪ್ಪನ ಮಾತು

ಶ್ರವಣದ ವಿಷಯ ಹೇಳುತ್ತಿದ್ದೆ. ಒಂಬತ್ತು ಬಗೆಯ ಭಕ್ತಿಯಲ್ಲಿ ಶ್ರವಣವನ್ನು ಮೊದಲು ಇಟ್ಟಿದ್ದಾರೆ. ಕೀರ್ತನೆ ಆಮೇಲೆ. ಯಾಕೆ? ಹಾಡುವುದು ಕಷ್ಟ, ಕೇಳುವುದು ಸುಲಭ, ಸುಲಭದ್ದು ಮೊದಲು ಇರಲಿ ಅಂತ ಇಟ್ಟಿರಬೇಕು ಎಂದು ಅಲ್ಲಿ ಯಾರೋ ತಲೆಯಾಡಿಸುತ್ತಿದ್ದಾರೆ. ಸುಲಭವೇ? ಒಂದು ಕಥೆ ಹೇಳುತ್ತೇನೆ, ಆಮೇಲೆ ನೀವೇ ಹೇಳಿ.

ಊರು ಯಾವುದೆಂದು ಕೇಳಬೇಡಿ, ಅಲ್ಲೊಬ್ಬ ಶ್ರೀಮಂತ. ಅವನ ಹೆಸರನ್ನೂ ಕೇಳಬೇಡಿ. ಹೋದ ವಾರ ಕಥೆಯಲ್ಲಿ ಹೆಸರು ಹೇಳಿದೆ, ಆ ಹೆಸರಿನವರೊಬ್ಬರು ಎದ್ದೇ ಹೋದರು!

ಈ ಶ್ರೀಮಂತನಿಗೊಂದು ಅಭ್ಯಾಸ. ಏನು ಕೊಂಡರೂ ಒಂದು ಸೈಜ್ ದೊಡ್ಡದೇ ಕೊಳ್ಳಬೇಕು. ಮಕ್ಕಳಿಗೆ ಸ್ಕೂಲಿನ ಯೂನಿಫಾರಂ ಹೊಲಿಸುವಾಗ ನಾವೆಲ್ಲ ಹೇಳುತ್ತೇವಲ್ಲ, ‘ಬೆಳೆಯೋ ಹುಡುಗ, ಸ್ವಲ್ಪ ಲೂಸಾಗೇ ಇರ್ಲಿ ಬಿಡಿ’ ಅಂತ. ಹುಡುಗ ಬೆಳೆಯುತ್ತಾನೆ, ಸರಿ. ಇವನು ಪ್ರೆಶರ್ ಕುಕ್ಕರನ್ನೂ ಹಾಗೇ ತಂದಿದ್ದ. ಮನೆಯಲ್ಲಿರುವುದು ಅವನು, ಹೆಂಡತಿ, ತಾಯಿ. ಕುಕ್ಕರ್ ನೋಡಿದರೆ ಬೀದಿಯವರೆಲ್ಲ ಊಟಕ್ಕೆ ಬರುತ್ತಾರೆ ಅನ್ನಬೇಕು.

ಒಂದು ದಿನ ತಾಯಿ ಕರೆದಳು. ‘ಮಗಾ, ನಿನ್ನ ಮದುವೆ ಕ್ಯಾಸೆಟ್ಟಿದೆಯಲ್ಲ, ಅದರಲ್ಲಿ ನಿಮ್ಮಪ್ಪ ಊಟದ ಮನೇಲಿ ನಂಗೊಂದು ಮಾತು ಹೇಳ್ತಾರೆ. ಅದನ್ನ ಒಂದ್ಸಲ ಕೇಳಿಸ್ಬಿಡು ಕಣೋ.’

‘ಏನು ಮಾತಮ್ಮ?’

‘ಕೇಳಿಸು, ಗೊತ್ತಾಗತ್ತೆ. ಈ ಕಿವಿ ದಿನಾ ಒಂದಿಷ್ಟು ಮುಚ್ಕೋತಾ ಇದೆ. ಮಿಷನ್ ಹಾಕಿದ್ರೂ ಅಷ್ಟೆ, ಇನ್ನು ಜಾಸ್ತಿ ದಿನ ಕೇಳ್ಸಲ್ಲ ಅಂದಿದಾರೆ ಡಾಕ್ಟ್ರು. ಅವರ ದನಿ ಹೇಗಿತ್ತು ಅಂತ ಮೊನ್ನೆ ನೆನೆಸ್ಕೊಂಡೆ, ಬರ್ಲೇ ಇಲ್ಲ.’

ಶ್ರೀಮಂತನ ಕಣ್ಣು ತುಂಬಿ ಬಂತು. ಪಾಪ, ಒಳ್ಳೆಯ ಮಗ. ಕಣ್ಣು ತುಂಬಿದ ಮೇಲೆ ಏನು ಮಾಡಿದ? ಅಮ್ಮನ ಪಕ್ಕ ಕೂತನೇ? ಇಲ್ಲ. ಅಂಗಡಿಗೆ ಹೋದ.

ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿದ. ಅದನ್ನು ನೋಡಲು ಟಿ.ವಿ.ಗೆ ಜೋಡಿಸುವ ಕಂಪ್ಯೂಟರ್ ಬೇಕಲ್ಲ, ಅದನ್ನು ಕೇಳಿದ. ಹೋಮ್ ಥಿಯೇಟರ್ ಕಂಪ್ಯೂಟರ್. ಅಂಗಡಿಯವನು ನಯವಾಗಿ ಕೇಳಿದ: ‘ಏನು ನೋಡ್ತೀರಾ ಸರ್ ಅದರಲ್ಲಿ?’

‘ಏನು ನೋಡ್ತೀನೋ ನಂಗೆ ಬಿಡ್ರೀ. ದೊಡ್ಡದು ತೋರ್ಸಿ.’

ನೋಡಿ, ಅಂಗಡಿಯವನು ಕೇಳಿದ್ದು ಲಕ್ಷಣವಾದ ಪ್ರಶ್ನೆ. ಏನಕ್ಕೆ ಬೇಕು ಅಂತ. ದೇವರೂ ನಮ್ಮನ್ನು ಅದನ್ನೇ ಕೇಳುತ್ತಿರುತ್ತಾನೆ, ನಾವು ‘ದೊಡ್ಡದು ಕೊಡು’ ಅನ್ನುತ್ತಿರುತ್ತೇವೆ. ಇರಲಿ, ಅಂಗಡಿಗೆ ಬರೋಣ.

‘ಪ್ರೊಸೆಸರ್ ಸರ್?’

‘ದೊಡ್ಡದು.’

‘ಗ್ರಾಫಿಕ್ಸ್ ಕಾರ್ಡ್ ನಿಮಗೆ ಬೇಕಾಗಲ್ಲ ಅನ್ಸತ್ತೆ...’

‘ದೊಡ್ಡದು!’

‘ಹಾಗಾದ್ರೆ ಪವರ್ ಸಪ್ಲೈನೂ ದೊಡ್ಡದೇ ಬೇಕು ಸರ್. ವಾಟ್ ಎಷ್ಟು ಹಾಕ್ಲಿ?’

‘ವಾಟ್?’

‘ಹೌದು ಸರ್, ವಾಟ್.’

‘ಅದನ್ನೇ ರೀ ನಾನೂ ಕೇಳ್ತಿರೋದು!’

ಪವರ್ ಸಪ್ಲೈ ಅಂದರೆ ಏನು? ಗೋಡೆಯಿಂದ ಕರೆಂಟು ತೆಗೆದುಕೊಂಡು, ಒಳಗಿರುವ ಒಬ್ಬೊಬ್ಬರಿಗೂ ಬೇಕಾದಷ್ಟು ಬಡಿಸುವ ಡಬ್ಬಿ. ಎಲೆ ಎಷ್ಟು ಬೀಳುತ್ತದೆ ಎಂದು ತಿಳಿದುಕೊಂಡು, ಅದರ ಮೇಲೆ ಸ್ವಲ್ಪ ಧಾರಾಳವಾಗಿ ಅಡುಗೆಗೆ ಹೇಳುತ್ತೇವಲ್ಲ, ಲೆಕ್ಕ ಅಷ್ಟೇ. ನಮ್ಮ ಶ್ರೀಮಂತ ಎಲೆ ಎಷ್ಟೆಂದೇ ಕೇಳಲಿಲ್ಲ. ಕಾರ್ಡು ದೊಡ್ಡದು, ಆದ್ದರಿಂದ ಸಪ್ಲೈ ದೊಡ್ಡದು. ಸಪ್ಲೈ ದೊಡ್ಡದು, ಕಾರ್ಡು ದೊಡ್ಡದು, ಆದ್ದರಿಂದ ಬಿಸಿ ದೊಡ್ಡದು. ಬಿಸಿ ದೊಡ್ಡದು, ಆದ್ದರಿಂದ ಫ್ಯಾನುಗಳು. ಒಂದಲ್ಲ, ಸಾಲಾಗಿ! ಹೋಮ್ ಥಿಯೇಟರ್ ಎನ್ನುವುದು ಹೋಮವೇ ಆಯಿತು.

ಮನೆಗೆ ಬಂತು. ಹೆಂಡತಿ ಕುಂಕುಮ ಇಟ್ಟಳು, ಹೂವು ಮುಡಿಸಿದಳು. ಟಿ.ವಿ. ಕೆಳಗಿನ ತೇಗದ ಶೋಕೇಸಿನೊಳಗೆ ಕೂರಿಸಿದಳು. ಇನ್ನೊಂದು ಕೆಲಸ ಮಾಡಿದಳು. ಏನು ಹೇಳಿ? ತಾಯಂದಿರು ಆಗಲೇ ನಗುತ್ತಿದ್ದೀರಿ, ನಿಮಗೆ ಗೊತ್ತು. ಕೈಯಲ್ಲೇ ಹಾಕಿದ ಕ್ರೋಶಾ ಕವರನ್ನು ಮೇಲಿನಿಂದ ಹೊದಿಸಿದಳು. ‘ಹೊಸದು ರೀ, ಧೂಳು ಕೂರತ್ತೆ.’ ನಮ್ಮ ಮನೆಗಳಲ್ಲಿ ಮಿಕ್ಸಿಗೆ ಕವರು, ಫ್ರಿಜ್ಜಿಗೆ ಕವರು, ರಿಮೋಟಿಗೂ ಪ್ಲಾಸ್ಟಿಕ್ ಕವರು. ಉಸಿರಾಡಬೇಕಾದ ವಸ್ತು ಯಾವುದು, ಬೇಡದ್ದು ಯಾವುದು, ಯಾರು ಕೇಳುತ್ತಾರೆ?

ಸ್ವಿಚ್ ಹಾಕಿದರು. ಮೈಕನ್ನು ಹತ್ತಿರ ತರುತ್ತೇನೆ, ಮಕ್ಕಳು ಹೆದರಬೇಡಿ. ಘೂಂಂಂಂಂ! ಮಲಗಿದ್ದ ಹುಲಿಗೆ ಶೀತ ಆಗಿ ಗೊರಕೆ ಹೊಡೆದ ಹಾಗೆ.

ತೆರೆಯ ಮೇಲೆ ಮದುವೆ ಮನೆ ಬಂತು. ‘ಅಯ್ಯೋ ರೀ, ನೋಡ್ರೀ ನಾನು ಎಷ್ಟು ಸಣ್ಣ ಇದ್ದೆ!’ ಎಂದಳು ಹೆಂಡತಿ. ಊಟದ ಮನೆ ಬಂತು. ಅಪ್ಪ ಬಂದರು. ಪಂಕ್ತಿಯ ನಡುವೆ ನಿಂತಿದ್ದ ಅಮ್ಮನ ಕಡೆ ಬಾಗಿದರು. ತುಟಿ ಅಲುಗಿತು.

ಘೂಂಂಂಂ.

‘ಏನಂದ್ರು?’ ಎಂದಳು ತಾಯಿ. ಮಗ ಹಿಂದಕ್ಕೆ ಹಾಕಿದ. ಸೌಂಡ್ ಏರಿಸಿದ. ಸೌಂಡ್ ಏರಿಸಿದರೆ ಓಲಗವೂ ಏರುತ್ತದೆ, ಪಾತ್ರೆಯ ಸದ್ದೂ ಏರುತ್ತದೆ. ಅಮ್ಮನ ಕಿವಿಯ ಮಿಷನ್ನಿಗೆ ಗಂಡನ ದನಿಯೂ ಒಂದೇ, ಫ್ಯಾನಿನ ದನಿಯೂ ಒಂದೇ. ಅದು ಎಲ್ಲವನ್ನೂ ಒಟ್ಟಿಗೆ ಕಿವಿಗೆ ಸುರಿಯಿತು. ಅವಳು ಮಿಷನ್ನನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು.

‘ಬಿಡು ಮಗಾ. ಕೇಳೋ ಕಾಲ ಮುಗೀತೇನೋ ನಂಗೆ.’

‘ಇಲ್ಲಮ್ಮ, ಇನ್ನೂ ದೊಡ್ಡ ಸ್ಪೀಕರ್ ತರ್ತೀನಿ!’

‘ತನ್ನಿ ತನ್ನಿ,’ ಎಂದಳು ಹೆಂಡತಿ, ‘ಹಾಗೇ ನನ್ನ ಕಿವಿಗೂ ಒಂದು ಮಿಷನ್ ತಂದ್ಬಿಡಿ.’

ತಾಯಿ ಮಾತ್ರ ಶೋಕೇಸನ್ನೇ ನೋಡುತ್ತಿದ್ದಳು. ನಿರಾಸೆಯಾದ ಮೇಲೂ ಅವಳಿಗೆ ಕುತೂಹಲ ಹೋಗಿರಲಿಲ್ಲ. ಮಿಷನ್ ಮತ್ತೆ ಕಿವಿಗೆ ಇಟ್ಟುಕೊಂಡು ಕೇಳಿದಳು: ‘ಸ್ಪೀಕರ್ ಇರ್ಲಿ. ಆ ಡಬ್ಬಿ ಒಳಗೆ ಅಷ್ಟೊಂದು ಯಾರು ಕೂಗ್ತಾ ಇದಾರೆ? ಬಿಚ್ಚು, ನೋಡೋಣ.’

ಮಗ ಪ್ಲಗ್ ಕಿತ್ತು ಪಕ್ಕದ ಮುಚ್ಚಳ ಬಿಚ್ಚಿದ.

‘ಇದೇನೋ ಇಷ್ಟು ದಪ್ಪ?’

‘ಗ್ರಾಫಿಕ್ಸ್ ಕಾರ್ಡಮ್ಮ. ಯುದ್ಧದ ಆಟ ಆಡೋರಿಗೆ.’

‘ನಮ್ಮನೇಲಿ ಯಾರು ಆಡ್ತಾರೆ?’

ಮಗ ಹೆಂಡತಿಯ ಕಡೆ ನೋಡಿದ. ‘ನನ್ನ ಯಾಕ್ರೀ ನೋಡ್ತೀರಾ? ನಿಮ್ಮ ಜೊತೆ ಯುದ್ಧ ಮಾಡೋಕೆ ನಂಗೆ ಕಾರ್ಡ್ ಬೇಕಾ?’

‘ಈ ಫ್ಯಾನುಗಳು?’

‘ಕಾರ್ಡ್ ಬಿಸಿ ಆಗತ್ತಲ್ಲಮ್ಮ, ಅದಕ್ಕೆ.’

‘ಈ ಭಾರದ ಡಬ್ಬಿ?’

‘ಕಾರ್ಡಿಗೆ ಕರೆಂಟ್ ಸಾಲ್ಬೇಕಲ್ಲ.’

‘ಅದಕ್ಕೂ ಫ್ಯಾನು?’

‘ಅದೂ ಬಿಸಿ ಆಗತ್ತಲ್ಲ...’ ಅನ್ನುವಾಗ ಮಗನ ದನಿ ಇಳಿಯಿತು.

‘ಅಂದ್ರೆ ಬೇಡದ್ದೊಂದನ್ನ ಸಾಕೋಕೆ ಇಷ್ಟೆಲ್ಲ ತಂದ್ಯಾ? ನಿಮ್ಮಪ್ಪನ್ನ ತೋರ್ಸೋದು ಇದರಲ್ಲಿ ಯಾವುದು ಮಗಾ?’

ಅವನಿಗೆ ಗೊತ್ತಿರಲಿಲ್ಲ. ಅಂಗಡಿಗೆ ಫೋನ್ ಮಾಡಿದ. ‘ರೀ, ಮದುವೆ ವಿಡಿಯೊ ನೋಡೋಕೆ ಏನು ಬೇಕ್ರೀ?’

‘ಅಯ್ಯೋ ಸರ್, ಇದನ್ನ ಅವತ್ತೇ ಹೇಳೋದಲ್ವಾ? ಚಿತ್ರ ತೋರ್ಸೋದು ಆ ಪ್ರೊಸೆಸರ್ ಒಳಗೇ ಇದೆ. ಕಾರ್ಡ್ ತೆಗೆಯೋಣ. ಸಣ್ಣ ಪವರ್ ಸಪ್ಲೈ ಹಾಕೋಣ, ಲೆಕ್ಕಕ್ಕಿಂತ ಸ್ವಲ್ಪ ಮೇಲೆ ಇರ್ಲಿ ಸಾಕು. ಒಳ್ಳೆ ಕಂಪನೀದಾದ್ರೆ ಫ್ಯಾನ್ ತಿರುಗೋದೇ ಗೊತ್ತಾಗಲ್ಲ. ಅಂದಹಾಗೆ ಸರ್, ಎಲ್ಲಿಟ್ಟಿದೀರಾ?’

‘ಶೋಕೇಸಲ್ಲಿ. ಕವರ್ ಹಾಕಿ.’

‘ಗಾಳಿ ಆಡ್ಬೇಕಲ್ವಾ ಸರ್ ಅದಕ್ಕೆ. ಹೊರಗೆ ತೆಗೀರಿ.’

ಎಲ್ಲ ಬದಲಾಯಿತು. ಡಬ್ಬಿ ಬಯಲಿಗೆ ಬಂತು. ಮತ್ತೆ ಸ್ವಿಚ್ ಹಾಕಿದರು. ಈಗ ಮೈಕಿನಲ್ಲಿ ಮಾಡಿ ತೋರಿಸಲು ನನ್ನ ಹತ್ತಿರ ಸದ್ದೇ ಇಲ್ಲ. ಊಟದ ಮನೆ ಬಂತು. ಅಪ್ಪ ಬಾಗಿದರು. ಮೆಲ್ಲಗೆ, ಬೇರೆ ಯಾರಿಗೂ ಕೇಳಬಾರದು ಎಂಬಂತೆ ಕೇಳಿದರು:

‘ನಿಂದು ಊಟ ಆಯ್ತಾ?’

ಅಷ್ಟೇ. ಅಷ್ಟೇ ಮಾತು.

‘ಕೇಳಿಸ್ತೇನೋ? ಅಷ್ಟು ಜನರ ಮಧ್ಯೆ ನನ್ನ ಮಾತಾಡ್ಸಿದ್ದು ಅದೊಂದೇ ಸಲ ಕಣೋ,’ ಎಂದಳು ತಾಯಿ.

‘ನೀನೇನಂದೆ ಅಮ್ಮ?’

‘ಏನೂ ಅನ್ಲಿಲ್ಲ. ಯಾರೋ ಪಾಯಸಕ್ಕೆ ಕೂಗ್ತಿದ್ರು, ಸೆರಗು ಸಿಗಿಸ್ಕೊಂಡು ಓಡಿದೆ.’ ಅವಳು ತೆರೆಯ ಕಡೆ ಸ್ವಲ್ಪ ಬಾಗಿದಳು. ‘ಆಯ್ತು ರೀ. ನಿಮ್ದು?’

ಈಗ ಹೇಳಿ, ಕೇಳುವುದು ಸುಲಭವೇ? ಈ ಕಥೆ ಶ್ರೀಮಂತನದು, ನಮಗೇನು ಎಂದು ಇಷ್ಟು ಹೊತ್ತು ಆರಾಮಾಗಿ ಕೂತಿದ್ದಿರಿ. ಮನೆಯಲ್ಲಿ ಯಾರಾದರೂ ‘ಒಂದು ಮಾತು’ ಅಂದ ಕೂಡಲೇ ನಿಮ್ಮೊಳಗೆ ಏನು ಶುರುವಾಗುತ್ತದೆ? ‘ಗೊತ್ತು ಗೊತ್ತು’ ಎಂಬ ಫ್ಯಾನು. ‘ನಾನು ನಿನಗೋಸ್ಕರ ಎಷ್ಟು ಮಾಡಿದೀನಿ’ ಎಂಬ ಫ್ಯಾನು. ಮಾತು ಮುಗಿಯುವುದರೊಳಗೆ ಉತ್ತರ ತಯಾರು ಮಾಡುವ ಫ್ಯಾನು, ಅದು ಎಲ್ಲಕ್ಕಿಂತ ಜೋರು! ಪ್ರೀತಿ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಪ್ರೀತಿಯಿಂದಲೇ ಅಲ್ಲವೇ ಅವನು ಅಂಗಡಿಗೆ ಓಡಿದ್ದು?

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಟಿ.ವಿ. ಆರಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಅಮ್ಮನೋ, ಹೆಂಡತಿಯೋ, ಗಂಡನೋ, ಮಾತು ಕಡಿಮೆ ಮಾಡಿರುವವರು ಯಾರಿದ್ದಾರೋ ಅವರ ಪಕ್ಕ ಕೂತು, ‘ಏನು ಬೇಕಿತ್ತು?’ ಎಂದು ಕೇಳಿ. ಕೇಳಿ ಸುಮ್ಮನಿರಿ. ತಂದುಕೊಡಲು ಏಳಬೇಡಿ. ಅವರು ಮುಗಿಸಿದರು ಅನ್ನಿಸಿದ ಮೇಲೂ ಇನ್ನೊಂದು ಉಸಿರಿನಷ್ಟು ಕಾಯಿರಿ, ಎಷ್ಟೋ ಸಲ ನಿಜವಾದ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಅವರು ಎಂದೋ ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡದೆ ಓಡಿದ್ದರೆ ಈಗ ಕೊಡಿ. ತೆರೆಗೆ ಕೊಡುವ ಹೊತ್ತು ಬರುವ ಮುಂಚೆ ಮುಖಕ್ಕೇ ಕೊಡಿ.

ಇನ್ನು ಮಂಗಳಾರತಿಗೆ ಏಳೋಣ. ಗಂಟೆ ಹಿಡಿದವರು ಸ್ವಲ್ಪ ಮೆಲ್ಲಗೆ ಬಾರಿಸಿ. ನೋಡಿ, ಪಕ್ಕದಲ್ಲಿ ಕೂತವರು ಆಗಿನಿಂದ ನಿಮಗೇನೋ ಹೇಳುತ್ತಿದ್ದಾರೆ.