ತುಮಕೂರು ರಸ್ತೆ ಕಾಣದ ಕಾರು

ಬಸವೇಶ್ವರನಗರದ ಗ್ಯಾರೇಜಿನಲ್ಲಿ ವಚನಾ ತನ್ನ ಸ್ಕೂಟರಿಗಾಗಿ ಕಾಯುತ್ತಿದ್ದಳು. ಅದೇ ಬೆಂಚಿನಲ್ಲಿ ಒಬ್ಬ ತಾಯಿ ಕೂತಿದ್ದರು. ಅವರ ಮಗ ಮೆಕ್ಯಾನಿಕ್ಕಿನ ಜೊತೆ ಡೀಸೆಲ್ ಕಾರಿನ ಬಳಿ ನಿಂತಿದ್ದ.

"ಡಿಪಿಎಫ್, ಅದೇ ಹೊಗೆ ಸೋಸೋ ಫಿಲ್ಟರ್, ಬ್ಲಾಕ್ ಆಗಿದೆ ಸಾರ್. ಬರೀ ಗಲ್ಲಿ ಸುತ್ತಿದ್ರೆ ಅದ್ರಲ್ಲಿ ಮಸಿ ಕಟ್ಕೊಳುತ್ತೆ. ತುಮಕೂರು ರೋಡಲ್ಲಿ ಅರ್ಧ ಗಂಟೆ ಎಂಬತ್ತರಲ್ಲಿ ಓಡಿಸಿ, ಮಸಿ ಸುಟ್ಟು ಹೋಗುತ್ತೆ."

"ನೀವೇ ಓಡಿಸ್ಕೊಂಡು ಬನ್ನಿ ಅಣ್ಣ. ಹೈವೇ ಅಂದ್ರೆ ನಂಗೆ ಭಯ. ಒಂದ್ಸಲಾನೂ ಹೋಗಿಲ್ಲ."

ತಾಯಿ ತಲೆಯೆತ್ತಿದರು. "ಚಿತ್ರದುರ್ಗಕ್ಕೆ ಕರ್ಕೊಂಡು ಹೋಗು ಅಂದಾಗೆಲ್ಲ, ಭಾನುವಾರ ಆಫೀಸ್ ಕೆಲಸಕ್ಕೆ ಕಾರು ಬೇಕು ಅಂತಿದ್ಯಲ್ಲೋ ಕೊಟ್ರೇಶ?"

"ಹೇಳ್ಕೊಳೋಕೆ ನಾಚ್ಕೆ ಆಗ್ತಿತ್ತಮ್ಮ."

"ಹೇಳಿದ್ರೆ ಬಸ್ಸಲ್ಲೇ ಚಿತ್ರದುರ್ಗಕ್ಕೆ ಹೋಗ್ತಿದ್ದೆ. ಜೀವ ಇದ್ದಾಗ ಅಕ್ಕನ ಮುಖ ನೋಡ್ತಿದ್ದೆ."

ಕೊಟ್ರೇಶ ನೆಲ ನೋಡುತ್ತಾ ಮೆಕ್ಯಾನಿಕ್ಕಿಗೆ ಕೀ ಕೊಟ್ಟ.

ತಾಯಿ ಎದ್ದರು. "ನಾನೂ ಬರ್ತೀನಪ್ಪ. ಅವಳೂರಿನ ದಾರಿ ಅದೇ."

ಮಗನನ್ನು ಅಲ್ಲೇ ಬಿಟ್ಟು ಕಾರು ಹೊರಟಿತು.