ಸುತ್ತಲೂ ಸಹಿ

ತಿಕೋಟಾ ಅಂಚೆ ಕಚೇರಿಯಲ್ಲಿ ತಂಗಿಗೆ ಬರೆದ ಪತ್ರಕ್ಕೆ ಅಂಟು ಹಚ್ಚುತ್ತಿದ್ದೆ. ಸಾಲಿನಲ್ಲಿ ಒಬ್ಬ ಹೆಂಗಸು, ಅವಳ ಹಿಂದೆ ತಲೆಗೆ ಪಟಗಾ ಸುತ್ತಿದ ಮುದುಕ.

"ಶಂಕ್ರೆವ್ವಾ, ಜ್ವಾಳದ ಕಣಿಕಿ ಸುಟ್ಟು ಕರೆಂಟ್ ಮಾಡೋ ಫ್ಯಾಕ್ಟರಿ ಬ್ಯಾಡಂತ ಅರ್ಜಿ ಬರದು ನಾಕು ತಿಂಗಳಾತಲ್ಲ."

"ತಡಾ ಯಾರದು, ಅಮರಪ್ಪ ಕಾಕಾ? ಮೊದಲ ಸಹಿ ನಂದು, ನಂದು ಅಂತ ನೀವು ಹಿರ್ಯಾರ ಜಗಳಾಡಿದ್ರಿ."

"ಹಿರೇತನಾ ಅಂಬೂದು ಒಂದು ಇರ್ತೈತಲ್ಲಬೇ."

"ಎಮ್ಮಿ ಹಿರೇತನಾ ಮೇಯ್ತಾವೇನ್ರಿ? ಮೇವಿನ ಕಣಿಕಿ ಎಲ್ಲಾ ಫ್ಯಾಕ್ಟರಿಗೆ ಹೋದ್ರ ನನ್ನ ನಾಕೂ ಎಮ್ಮಿ ಸಂತಿಗೆ ಹೊಡೀಬೇಕಾಗ್ತೈತಿ. ತಕರಾರು ಅರ್ಜಿ ಡಿಸಿ ಆಫೀಸಿಗೆ ಮುಟ್ಟಾಕ ಸೋಮವಾರ ಕಡೀ ದಿನ."

"ನಿನ್ನೆ ಗಡಿಬಿಡ್ಯಾಗ ಸಹಿ ಮಾಡಿಸಿದಿ. ನಂದು ಎಷ್ಟನೇದು?"

"ಹಾಳಿ ಮ್ಯಾಲ ತಾಟು ಡಬ್ಬ ಹಾಕಿ ದುಂಡಗ ಗೆರಿ ಎಳದೇನಿ. ಸುತ್ತಲೂ ನಲವತ್ತು ಸಹಿ ಅದಾವ. ಮೊದಲಿನದು ಯಾವುದು, ಹುಡುಕ್ರಿ."

ಮುದುಕ ಹಾಳೆಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ.

"ನೋಡು, ನಂದು ಮ್ಯಾಲೈತಿ!"

"ನೀವು ಹಿಡದದ್ದು ಹಂಗೈತಿ. ತರ್ರಿ ಇಲ್ಲೆ."

ಅವಳು ಹಾಳೆ ಮಡಚಿ, ಲಕೋಟೆಗೆ ಹಾಕಿ, ಸ್ಪೀಡ್ ಪೋಸ್ಟ್ ಅಂದಳು. ಕಳಿಸುವವರು ಯಾರು ಎಂದು ಗುಮಾಸ್ತ ಕೇಳಿದ. ಅವಳು ಮುದುಕನ ಕಡೆ ನೋಡಿದಳು.

ಅವನು ಪಟಗಾ ಸರಿಮಾಡಿಕೊಂಡ. "ಶಂಕ್ರೆವ್ವ ಅಂತ ಬರೀರಿ," ಅಂದ.

ಠಪ್ಪೆಂದು ಮುದ್ರೆ ಬಿತ್ತು. ಇಬ್ಬರೂ ಕನಮಡಿ ಬಸ್ಸಿಗೆ ಓಡಿದರು.